ಇನ್ನೊಬ್ಬರ ಕೈಯಲ್ಲಿ ಮೀಯುವುದು

ಟರ್ಕಿಗೆ ಪ್ರವಾಸ ಹೊರಟ ಹೆಂಗಸರು ನನ್ನೊಡನೆ ಮೊದಲು ವೀಸಾದ ಮಾತನ್ನು, ಆಮೇಲೆ ಅಲ್ಲಿ ಸಸ್ಯಾಹಾರ ಸಿಗುತ್ತದೆಯೋ ಇಲ್ಲವೋ ಎಂಬ ಮಾತನ್ನು ಆಡುತ್ತಾರೆ. ಎಲ್ಲ ಮುಗಿದು ಎದ್ದು ಹೊರಡುವ ಹೊತ್ತಿಗೆ, ಚಪ್ಪಲಿ ಮೆಟ್ಟುತ್ತಾ, ದನಿ ತಗ್ಗಿಸಿ ಕೇಳುವ ಪ್ರಶ್ನೆಯೊಂದಿದೆ: ‘ಅಲ್ಲಿಯ ಹಮಾಮಿನಲ್ಲಿ ಮೈಮೇಲಿನ ಬಟ್ಟೆಯನ್ನೆಲ್ಲ ತೆಗೆಯಬೇಕಂತೆ, ಹೌದೇನು?’ ನಾನೂ ಮೊದಲ ಸಲ ಹೋಗುವ ಮುನ್ನ ಇದೇ ಪ್ರಶ್ನೆಯನ್ನು ಇದೇ ದನಿಯಲ್ಲಿ ಪರಿಚಿತರೊಬ್ಬರಲ್ಲಿ ಕೇಳಿದ್ದೆ. ಅವರು ನಕ್ಕು ಸುಮ್ಮನಾದರು. ಆ ನಗುವಿನಿಂದ ನನಗೆ ಯಾವ ಉಪಕಾರವೂ ಆಗಲಿಲ್ಲ; ಇದ್ದ ಅಳುಕು ಇನ್ನಷ್ಟು ಹೆಚ್ಚಿತು. ಆದ್ದರಿಂದ ನನ್ನಲ್ಲಿ ಕೇಳಿದವರಿಗೆ ನಾನು ನೇರವಾಗಿಯೂ ಪೂರ್ತಿಯಾಗಿಯೂ ಹೇಳುತ್ತೇನೆ. ಇಲ್ಲಿಯೂ ಹಾಗೆಯೇ ಬರೆಯುತ್ತಿದ್ದೇನೆ.

ಹಮಾಮ್ ಎಂದರೆ ಊರಿನವರೆಲ್ಲ ಹೋಗಿ ಮೀಯುವ ಬಿಸಿ ಸ್ನಾನಗೃಹ. ಸಾಂಪ್ರದಾಯಿಕ ಹಮಾಮಿನಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಸ್ನಾನಗೃಹಗಳಿರುತ್ತವೆ. ಒಂದೇ ಸ್ನಾನಗೃಹವಿದ್ದರೆ ದಿನಗಳನ್ನೋ ಹೊತ್ತುಗಳನ್ನೋ ಹಂಚಿರುತ್ತಾರೆ. ಹೆಂಗಸರನ್ನು ಮೀಯಿಸುವವಳು ಹೆಂಗಸೇ, ಅವಳನ್ನು ನಾತಿರ್ ಎನ್ನುತ್ತಾರೆ. ಗಂಡಸರನ್ನು ಮೀಯಿಸುವ ಗಂಡಸು ತೆಲ್ಲಾಕ್. ಒಳಗೆ ಹೋಗುವಾಗ ಪೆಶ್ತೆಮಾಲ್ ಎಂಬ ತೆಳುವಾದ ಹತ್ತಿಯ ವಸ್ತ್ರವನ್ನು ಕೊಡುತ್ತಾರೆ. ನಮ್ಮ ಮಲೆನಾಡಿನ ಬೈರಾಸಿಗಿಂತ ಸ್ವಲ್ಪ ದೊಡ್ಡದು, ಪಟ್ಟೆಯೋ ಚೌಕುಳಿಯೋ ಇರುವ ಬಟ್ಟೆ. ಗಂಡಸರು ಅದನ್ನು ಸೊಂಟಕ್ಕೆ ಸುತ್ತಿಕೊಂಡರೆ ಸ್ನಾನ ಮುಗಿಯುವವರೆಗೂ ಬಿಚ್ಚುವುದಿಲ್ಲ. ಬಿಚ್ಚುವುದನ್ನು ಅಲ್ಲಿ ಅಸಭ್ಯತೆ ಎಂದೇ ತಿಳಿಯುತ್ತಾರೆ. ಹೆಂಗಸರ ಕಡೆ ಅಷ್ಟು ಬಿಗಿಯಿಲ್ಲ. ಕೆಲವರು ಪೂರ್ತಿ ಬಿಚ್ಚಿರುತ್ತಾರೆ, ಹೆಚ್ಚಿನವರು ಒಳಚಡ್ಡಿಯನ್ನೋ ಈಜುಡುಗೆಯ ಕೆಳಭಾಗವನ್ನೋ ಉಟ್ಟಿರುತ್ತಾರೆ, ಪೆಶ್ತೆಮಾಲನ್ನು ಕಲ್ಲಿನ ಮೇಲೆ ಹಾಸಿ ಅದರ ಮೇಲೆ ಮಲಗುತ್ತಾರೆ. ಎದೆಯ ಮೇಲಿನ ಬಟ್ಟೆ ಮಾತ್ರ ಮೈ ಉಜ್ಜುವ ಹೊತ್ತಿಗೆ ಅಡ್ಡಿಯಾಗುವುದರಿಂದ ಅದನ್ನು ಸಾಮಾನ್ಯವಾಗಿ ತೆಗೆಯಬೇಕಾಗುತ್ತದೆ. ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಕೈ ಅಡ್ಡ ಹಿಡಿದು ತಲೆ ಅಲ್ಲಾಡಿಸಿದರೆ ಸಾಕು, ನಾತಿರ್‌ಗೆ ಅರ್ಥವಾಗುತ್ತದೆ. ಬದಲಿಸಿಕೊಳ್ಳಲು ಒಣ ಒಳಉಡುಪನ್ನು ಚೀಲದಲ್ಲಿ ಇಟ್ಟುಕೊಂಡಿರಬೇಕು. ನಾನು ಅದನ್ನು ಮರೆತಿದ್ದೆ.

ಇದಿಷ್ಟನ್ನು ಹೇಳಿದರೆ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು. ಆದರೆ ಬಟ್ಟೆಯ ಅಳುಕು ಒಳಗೆ ಹೋದ ಹತ್ತು ನಿಮಿಷಕ್ಕೆ ಇಳಿದುಹೋಗುತ್ತದೆ. ಯಾರೂ ಯಾರನ್ನೂ ನೋಡುವುದಿಲ್ಲ. ನಿಜವಾಗಿ ಕಷ್ಟವಾಗುವುದು ಬೇರೆಯೇ ಒಂದು ಸಂಗತಿ: ಬುದ್ಧಿ ಬಂದಂದಿನಿಂದ ನಾವೇ ಮಾಡಿಕೊಂಡು ಬಂದ ಕೆಲಸವನ್ನು, ಮೈ ತೊಳೆದುಕೊಳ್ಳುವ ಕೆಲಸವನ್ನು, ಗುರುತಿಲ್ಲದ ಒಬ್ಬಳ ಕೈಗೆ ಬಿಟ್ಟುಕೊಟ್ಟು ಸುಮ್ಮನೆ ಮಲಗುವುದು. ಅದಕ್ಕೆ ಮನಸ್ಸನ್ನು ಮೊದಲೇ ಸಿದ್ಧಮಾಡಿಕೊಳ್ಳಬೇಕೆಂದು ನನಗೆ ಯಾರೂ ಹೇಳಿರಲಿಲ್ಲ.

ನಾವು ಹೋದದ್ದು ಇಸ್ತಾಂಬುಲಿನ ಚೆಂಬರ್ಲಿತಾಶ್ ಹಮಾಮಿಗೆ. ಹಳೆಯ ನಗರದ ದಿವಾನ್‌ಯೋಲು ಬೀದಿಯಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ನಿಲ್ಲಿಸಿದ ಸ್ತಂಭವೊಂದಿದೆ. ಬಿರುಕು ಬಿಟ್ಟ ಆ ಕಂಬಕ್ಕೆ ಕಬ್ಬಿಣದ ಪಟ್ಟಿಗಳನ್ನು ಬಿಗಿದಿರುವುದರಿಂದ ಅದಕ್ಕೆ ಚೆಂಬರ್ಲಿತಾಶ್, ಅಂದರೆ ಪಟ್ಟಿ ಬಿಗಿದ ಕಲ್ಲು, ಎಂಬ ಹೆಸರು ಬಂತು. ಕಂಬದ ಹೆಸರೇ ಬಡಾವಣೆಗೂ ಟ್ರಾಮ್ ನಿಲ್ದಾಣಕ್ಕೂ ಹಮಾಮಿಗೂ ಅಂಟಿಕೊಂಡಿದೆ. 1584ರ ಈ ಕಟ್ಟಡ ಮಹಾವಾಸ್ತುಶಿಲ್ಪಿ ಸಿನಾನನದು. ಕಟ್ಟಿಸಿದವಳು ಒಟ್ಟೋಮನ್ ಸುಲ್ತಾನ ಎರಡನೆಯ ಸೆಲೀಮನ ಹೆಂಡತಿ, ಮೂರನೆಯ ಮುರಾದನ ತಾಯಿ ನೂರ್‌ಬಾನು. ಬೋಸ್ಫೊರಸ್ ಜಲಸಂಧಿಯ ಆಚೆ ದಡದ ಊಸ್ಕುದಾರಿನಲ್ಲಿ ಅವಳು ಕಟ್ಟಿಸಿದ ಮಸೀದಿ ಮತ್ತು ಧರ್ಮಶಾಲೆಗಳ ಖರ್ಚಿಗೆ ಈ ಹಮಾಮಿನ ಆದಾಯ ಹೋಗಬೇಕೆಂಬುದು ಏರ್ಪಾಡು. ನಮ್ಮಲ್ಲಿ ದೇವಸ್ಥಾನಕ್ಕೆ ಉಂಬಳಿ ಗದ್ದೆ ಬಿಟ್ಟಂತೆ ಅಲ್ಲಿ ಸ್ನಾನಗೃಹವನ್ನು ಬಿಡುತ್ತಿದ್ದರು. ಇಸ್ತಾಂಬುಲಿನ ಇನ್ನೊಂದು ಹೆಸರಾಂತ ಹಮಾಮ್, 1741ರ ಜಾಲೋಲು, ಅಯಾಸೋಫಿಯಾ ಮಸೀದಿಯಲ್ಲಿ ಸುಲ್ತಾನ್ ಒಂದನೆಯ ಮಹಮೂದ್ ಸ್ಥಾಪಿಸಿದ ಪುಸ್ತಕ ಭಂಡಾರದ ಖರ್ಚನ್ನು ಹೊರುವುದಕ್ಕಾಗಿ ಕಟ್ಟಿದ್ದು. ಊರಿನವರ ಬೆವರಿನಿಂದ ಪುಸ್ತಕಗಳು ಉಳಿದವು ಎಂದು ಓದಿದಾಗ ನನಗೆ ಬಹಳ ಸಂತೋಷವಾಗಿತ್ತು.

ಹೆಂಗಸರ ಬಾಗಿಲು ಬೇರೆ. 1868ರಲ್ಲಿ ದಿವಾನ್‌ಯೋಲುವನ್ನು ಅಗಲ ಮಾಡುವಾಗ ಹೆಂಗಸರ ಕಡೆಯ ಬಟ್ಟೆ ಬದಲಿಸುವ ಕೋಣೆಯ ಭಾಗವನ್ನು ಕೆಡವಿದರಂತೆ. ರಸ್ತೆಗೆ ಜಾಗ ಬೇಕಾದಾಗ ಹೋದದ್ದು ಹೆಂಗಸರ ಕೋಣೆಯೇ ಎಂಬುದನ್ನು ಅಲ್ಲಿ ನಿಂತಾಗ ನೆನೆಯದಿರಲು ನನ್ನಿಂದ ಆಗಲಿಲ್ಲ. ಯಾವ ಹಮಾಮಿಗೆ ಹೋದರೂ ಒಳಗೆ ಮೂರು ಹಂತಗಳಿರುತ್ತವೆ. ಮೊದಲನೆಯದು ಜಾಮೆಕಾನ್, ಬಟ್ಟೆ ಬದಲಿಸುವ ಮತ್ತು ಸ್ನಾನದ ನಂತರ ಒರಗುವ ತಂಪಾದ ಹಜಾರ. ಎರಡನೆಯದು ಇಲಿಕ್ಲಿಕ್, ಹೆಸರೇ ಹೇಳುವಂತೆ ಉಗುರು ಬೆಚ್ಚನೆಯ ನಡುಕೋಣೆ. ಮೂರನೆಯದು ಹರಾರೆತ್, ಬಿಸಿಕೋಣೆ. ಮೈಯನ್ನು ಹಂತಹಂತವಾಗಿ ಬಿಸಿಗೆ ಒಗ್ಗಿಸುವ ಈ ಕ್ರಮ ರೋಮನ್ನರ ಸ್ನಾನಗೃಹಗಳಿಂದ ಬೈಜಾಂಟಿಯನ್ನರ ಮೂಲಕ ಬಂದದ್ದು. ಆದರೆ ರೋಮನ್ನರು ಕೊಳದಲ್ಲಿ ಇಳಿದು ಮೀಯುತ್ತಿದ್ದರು. ತುರ್ಕರು ಆ ಕೊಳವನ್ನು ತೆಗೆದುಹಾಕಿದರು. ಬುರ್ಸಾದಂತಹ ಊರುಗಳಲ್ಲಿ ನೆಲದಿಂದಲೇ ಬಿಸಿನೀರು ಉಕ್ಕುವ ಸ್ನಾನಗೃಹಗಳಲ್ಲಿ ಕೊಳವಿದೆ, ಉಳಿದ ಕಡೆ ಇಲ್ಲ. ನಿಂತ ನೀರಿನಲ್ಲಿ ಕುಳಿತರೆ ಮೈ ಶುದ್ಧವಾಗುವುದಿಲ್ಲ, ಮೈಮೇಲೆ ಹರಿದು ಹೋದ ನೀರೇ ನೀರು ಎಂಬುದು ಅವರ ನಂಬಿಕೆ. ತಂಬಿಗೆಯಿಂದ ನೀರು ಹೊಯ್ದುಕೊಂಡು ಬೆಳೆದ ನನಗೆ ಇದು ಹೇಳಿಸಿಕೊಳ್ಳದೆಯೇ ಅರ್ಥವಾಗುವ ಮಾತು.

ಜಾಮೆಕಾನಿನಲ್ಲಿ ನಾನು ಹೆಚ್ಚು ಹೊತ್ತು ತೆಗೆದುಕೊಂಡದ್ದು ಬಟ್ಟೆಗಲ್ಲ, ಒಡವೆಗೆ. ಮಾಂಗಲ್ಯವನ್ನು ಹೆರಿಗೆಯ ದಿನ ಆಸ್ಪತ್ರೆಯಲ್ಲಿ ತೆಗೆದದ್ದು ಬಿಟ್ಟರೆ ನಾನು ತೆಗೆದವಳಲ್ಲ. ಆದರೆ ಲೋಹ ಆ ಸೆಕೆಗೆ ಕಾದು ಚುರುಗುಟ್ಟುತ್ತದೆ, ಮೈ ಉಜ್ಜುವಾಗ ಸರ ಸಿಕ್ಕಿಕೊಳ್ಳುತ್ತದೆ, ಗಾಜಿನ ಬಳೆ ಅಮೃತಶಿಲೆಗೆ ತಗುಲಿದರೆ ಚೂರಾಗುತ್ತದೆ. ಎಲ್ಲವನ್ನೂ ಕರವಸ್ತ್ರದಲ್ಲಿ ಗಂಟು ಕಟ್ಟಿ ಪೆಟ್ಟಿಗೆಯಲ್ಲಿಟ್ಟು ಬೀಗದ ಕೈಯನ್ನು ಮಣಿಕಟ್ಟಿಗೆ ಸಿಕ್ಕಿಸಿಕೊಂಡೆ. ಹೊರಡುವವರಿಗೆ ನನ್ನ ಸಲಹೆಯೆಂದರೆ ಒಡವೆಯನ್ನು ತಂಗಿದ ಕೋಣೆಯಲ್ಲಿಯೇ ಭದ್ರವಾಗಿ ಇಟ್ಟು ಬರುವುದು. ಅಲ್ಲದೆ, ಊಟ ಮಾಡಿದ ಕೂಡಲೇ ಹೋಗಬಾರದು; ಅಂದು ಅಥವಾ ಹಿಂದಿನ ದಿನ ಕೈಕಾಲಿನ ರೋಮ ತೆಗೆದಿದ್ದರೆ ಉಜ್ಜುವಾಗ ಉರಿಯೋ ಉರಿ; ಬಿಸಿಲಿಗೆ ಚರ್ಮ ಸುಟ್ಟಿದ್ದರೆ ಆ ದಿನ ಬಿಟ್ಟುಬಿಡುವುದೇ ಒಳ್ಳೆಯದು. ಬಸುರಿಯರು, ರಕ್ತದೊತ್ತಡ ಅಥವಾ ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೋಗಕೂಡದು.

ಇಲಿಕ್ಲಿಕ್ ದಾಟಿ ಬಿಸಿಕೋಣೆಯ ಬಾಗಿಲು ತೆರೆದಾಗ ಮೊದಲು ತಾಗಿದ್ದು ಸೆಕೆಯಲ್ಲ, ಸದ್ದು. ನೀರು ಬೀಳುವ ಸದ್ದು, ಲೋಹದ ಬಟ್ಟಲು ಕಲ್ಲಿಗೆ ತಗುಲುವ ಸದ್ದು, ಯಾರೋ ಆಡಿದ ಅರ್ಧ ಮಾತು, ಎಲ್ಲವೂ ಗುಮ್ಮಟಕ್ಕೆ ಏರಿ ಒಂದಾಗಿ ಮರಳಿ ಇಳಿಯುತ್ತಿತ್ತು. ಗುಮ್ಮಟದಲ್ಲಿ ಚಿಕ್ಕ ಚಿಕ್ಕ ದುಂಡು ಕಿಂಡಿಗಳಿಗೆ ಗಾಜು ಕೂರಿಸಿದ್ದಾರೆ. ಅವಕ್ಕೆ ಆನೆಕಣ್ಣು ಎಂಬ ಹೆಸರಿದೆ. ಹಬೆಯ ನಡುವೆ ಆ ಕಣ್ಣುಗಳಿಂದ ಬೆಳಕಿನ ಕೋಲುಗಳು ಓರೆಯಾಗಿ ಇಳಿದಿದ್ದವು. ನಡುವೆ ಮೊಣಕಾಲೆತ್ತರದ ವಿಶಾಲವಾದ ಅಮೃತಶಿಲೆಯ ಜಗಲಿ, ಅದೇ ಗೊಬೆಕ್‌ತಾಶಿ. ಗೊಬೆಕ್ ಎಂದರೆ ಹೊಕ್ಕುಳು, ತಾಶ್ ಎಂದರೆ ಕಲ್ಲು, ಹಮಾಮಿನ ಹೊಕ್ಕುಳಗಲ್ಲು. ಗೋಡೆಯುದ್ದಕ್ಕೂ ನೀರಿನ ಕಲ್ಲುಬೋಗುಣಿಗಳು. ಫಿನ್‌ಲೆಂಡಿನವರ ಸೌನಾದ ಹಾಗೆ ಎಂಬತ್ತು ತೊಂಬತ್ತು ಡಿಗ್ರಿಯ ಒಣ ಸೆಕೆಯಲ್ಲ ಇದು. ನಲವತ್ತರಿಂದ ಐವತ್ತು ಡಿಗ್ರಿಯ ಆಸುಪಾಸಿನ ತೇವದ ಸೆಕೆ. ಅದರಲ್ಲಿ ಉಸಿರು ಕಟ್ಟುವುದಿಲ್ಲ, ಮೈ ಮಾತ್ರ ನಿಧಾನವಾಗಿ ಸಡಿಲವಾಗುತ್ತದೆ.

ಆ ಸೆಕೆ ಎಲ್ಲಿಂದ ಬರುತ್ತದೆಂಬುದನ್ನು ನಾನು ಆಮೇಲೆ ತಿಳಿದುಕೊಂಡೆ, ತಿಳಿದ ಮೇಲೆ ಕಲ್ಲಿನ ಮೇಲಿನ ಗೌರವ ಹೆಚ್ಚಿತು. ಬಿಸಿಕೋಣೆಯ ಹಿಂದೆ ಕುಲ್ಹಾನ್ ಎಂಬ ಒಲೆಯ ಮನೆ ಇರುತ್ತದೆ. ಅಲ್ಲಿ ಸೌದೆಯ ಬೆಂಕಿಯ ಮೇಲೆ ನೀರು ಕಾಯುತ್ತದೆ, ಮತ್ತು ಆ ಬೆಂಕಿಯ ಉರಿ ಮತ್ತು ಹೊಗೆ ಹಾಗೆಯೇ ಹೊರಗೆ ಹೋಗದೆ, ಗಿಡ್ಡ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ನೆಲದ ಅಡಿಯ ಟೊಳ್ಳಿನಲ್ಲಿ ಹರಿದು, ಗೋಡೆಯೊಳಗಿನ ಕೊಳವೆಗಳ ಮೂಲಕ ಮೇಲೇರಿ ಹೋಗುತ್ತದೆ. ನೆಲದಡಿಯ ಆ ಟೊಳ್ಳಿಗೆ ಜೆಹೆನ್ನೆಮ್‌ಲಿಕ್ ಎನ್ನುತ್ತಾರೆ, ನರಕದ ಜಾಗ ಎಂದರ್ಥ. ಮೇಲೆ ಮಲಗಿದವರಿಗೆ ಸ್ವರ್ಗ, ಕೆಳಗೆ ನರಕ. ಚಳಿಗಾಲದ ರಾತ್ರಿಗಳಲ್ಲಿ ಮನೆಯಿಲ್ಲದ ಹುಡುಗರು ಕುಲ್ಹಾನಿನ ಬೂದಿಯ ಬೆಚ್ಚಗೆಗೆ ಬಂದು ಮಲಗುತ್ತಿದ್ದರು. ಪುಂಡ ಹುಡುಗನಿಗೆ ತುರ್ಕಿ ಭಾಷೆಯಲ್ಲಿ ಕುಲ್ಹಾನ್‌ಬೆಯಿ ಎಂಬ ಮಾತು ಹುಟ್ಟಿದ್ದು ಹಾಗೆ. ಈಗ ಬಹಳ ಕಡೆ ಸೌದೆಯ ಜಾಗಕ್ಕೆ ಗ್ಯಾಸ್ ಬಂದಿದೆ. ಹಿಂದೆ ಸೌದೆಯೂ ನೀರೂ ಎಷ್ಟು ಖರ್ಚಾಗುತ್ತಿತ್ತೆಂದರೆ 1768ರಲ್ಲಿ ಸುಲ್ತಾನ್ ಮೂರನೆಯ ಮುಸ್ತಫಾ ದೊಡ್ಡ ಹಮಾಮುಗಳನ್ನು ಹೊಸದಾಗಿ ಕಟ್ಟುವುದನ್ನೇ ತಡೆದ. ತೀರ್ಥಹಳ್ಳಿಯ ನಮ್ಮ ಹಳೆಯ ಮನೆಯಲ್ಲಿ ಬಚ್ಚಲಿನ ಹಂಡೆಯ ಒಲೆಗೆ ಅಡಿಕೆಸಿಪ್ಪೆ ತುಂಬುತ್ತಿದ್ದ ನನಗೆ, ಒಂದು ಮನೆಯ ಹಂಡೆಗೇ ಎಷ್ಟು ಬೇಕು ಎಂಬುದು ಗೊತ್ತು. ಊರಿಗೆಲ್ಲ ಮೀಯಿಸುವ ಹಂಡೆಗೆ ಕಾಡೇ ಬೇಕಾದೀತು.

ಮೊದಲಿಗೆ ಗೊಬೆಕ್‌ತಾಶಿಯ ಮೇಲೆ ಹದಿನೈದು ಇಪ್ಪತ್ತು ನಿಮಿಷ ಸುಮ್ಮನೆ ಮಲಗಬೇಕು. ಮೈ ಬೆವರಿ ಚರ್ಮ ಮೆತ್ತಗಾಗದೆ ನಾತಿರ್ ಬರುವುದಿಲ್ಲ. ಈ ಕಾಯುವ ಹೊತ್ತಿನಲ್ಲಿ ಏನು ಮಾಡಬೇಕೆಂದು ತಿಳಿಯದೆ ಪ್ರವಾಸಿಗಳು ತಮ್ಮನ್ನು ಮರೆತರೇನೋ ಎಂದು ಕಳವಳಪಡುತ್ತಾರೆ. ನಾನೂ ಎರಡು ಸಲ ಎದ್ದು ಕುಳಿತೆ. ಮರೆತಿರುವುದಿಲ್ಲ. ಹಮಾಮಿಗೆ ಹೊಕ್ಕವನು ಬೆವರುತ್ತಾನೆ ಎಂಬುದು ತುರ್ಕರ ಗಾದೆ. ನೀರಿಗಿಳಿದವನಿಗೆ ಚಳಿಯೇನು ಮಳೆಯೇನು ಎಂದು ನಾವು ಹೇಳುವ ಅರ್ಥವೇ ಅದಕ್ಕೂ ಇದೆ. ಸುತ್ತ ಮಲಗಿದ್ದವರಲ್ಲಿ ಬಸಿರಿನ ಗೆರೆಗಳಿದ್ದ ಹೊಟ್ಟೆಗಳಿದ್ದವು, ಶಸ್ತ್ರಚಿಕಿತ್ಸೆಯ ಹೊಲಿಗೆಗಳಿದ್ದವು, ಜೋತ ತೋಳುಗಳಿದ್ದವು. ಐವತ್ತರ ಹತ್ತಿರದ ನನ್ನ ಮೈ ಅವುಗಳ ನಡುವೆ ಇನ್ನೊಂದು ಮೈ, ಅಷ್ಟೆ. ಬೇರೆ ಹೆಂಗಸರ ಮೈಯನ್ನು ಇಷ್ಟು ಸಹಜವಾಗಿ, ಇಷ್ಟು ಜನರ ನಡುವೆ ನಾನು ಅದಕ್ಕೆ ಮೊದಲು ಕಂಡದ್ದೇ ಇಲ್ಲ ಎಂಬುದು ಆಗ ಹೊಳೆಯಿತು.

ನಾತಿರ್ ಬಂದಳು. ಅರವತ್ತರ ಆಸುಪಾಸು, ಗಟ್ಟಿಮುಟ್ಟಾದ ತೋಳು. ‘ಅಬ್ಲಾ’ ಎಂದು ಕರೆದಳು. ಅಕ್ಕ ಎಂದರ್ಥ; ವಯಸ್ಸಿನಲ್ಲಿ ಅವಳೇ ಹಿರಿಯಳಾದರೂ ಗುರುತಿಲ್ಲದ ಹೆಂಗಸಿಗೆ ಗೌರವದ ಮಾತು ಅದು. ಅವಳಿಗೆ ನನ್ನ ಭಾಷೆ ಬಾರದು, ನನಗೆ ಅವಳದು ಬಾರದು. ಅದರಿಂದ ಏನೂ ತೊಡಕಾಗಲಿಲ್ಲ, ಏಕೆಂದರೆ ಹಮಾಮಿನ ಮಾತು ಕೈಯ ಮಾತು. ಭುಜವನ್ನು ಮೆಲ್ಲಗೆ ತಟ್ಟಿದರೆ ಮಗ್ಗುಲಾಗಬೇಕು, ಬೆನ್ನನ್ನು ತಟ್ಟಿದರೆ ಎದ್ದು ಕೂರಬೇಕು, ಮೊಣಕೈಯನ್ನು ಎತ್ತಿ ಹಿಡಿದರೆ ತೋಳನ್ನು ಬಿಗಿ ಮಾಡದೆ ಅವಳಿಗೆ ಒಪ್ಪಿಸಬೇಕು. ಈ ಕೊನೆಯದು ನನಗೆ ಬರಲೇ ಇಲ್ಲ. ಅವಳು ಎತ್ತಿದಂತೆಲ್ಲ ನಾನೂ ಎತ್ತುತ್ತಿದ್ದೆ, ಸಹಾಯ ಮಾಡುವವಳಂತೆ. ಅವಳು ಒಂದು ಕ್ಷಣ ನಿಂತು, ನನ್ನ ಅಂಗೈಯನ್ನು ತನ್ನ ಅಂಗೈಯಲ್ಲಿಟ್ಟು, ತೋಳು ತಾನಾಗಿ ಭಾರವಾಗುವವರೆಗೆ ಸುಮ್ಮನೆ ಕಾದಳು.

ಮೊದಲ ಕೆಲಸ ಕೆಸೆ. ಒರಟು ನೂಲಿನ, ಕೈಗೆ ತೊಡುವ ಚೀಲ ಅದು. ಅದರಿಂದ ಮೈ ಉಜ್ಜುವುದಕ್ಕೂ ಅದೇ ಹೆಸರು. ಪಾರಸಿಯ ಮೂಲದಿಂದ ಬಂದ ಈ ಮಾತು ನಮ್ಮಲ್ಲಿ ಅಂಗಿಯ ಕಿಸೆಯಾಗಿ ಉಳಿದಿದೆ ಎಂದು ನೆನಪಾದಾಗ ಆ ಚೀಲ ಅಪರಿಚಿತವೆನಿಸಲಿಲ್ಲ. ಸೋಪಿಲ್ಲದೆ, ಬರಿಯ ಬೆವರು ಮತ್ತು ನೀರಿನಲ್ಲಿ, ಉದ್ದುದ್ದನೆಯ ಎಳೆತಗಳಲ್ಲಿ ಉಜ್ಜುತ್ತಾರೆ. ನೋಯುತ್ತದೆಯೇ ಎಂದು ಕೇಳುವವರಿಗೆ ಹೇಳುವುದಾದರೆ, ಮೊದಲ ನಾಲ್ಕು ಎಳೆತ ಚುರುಕ್ಕೆನ್ನುತ್ತದೆ, ಆಮೇಲೆ ಹಿತವಾಗುತ್ತದೆ. ಹೆಚ್ಚಾಯಿತೆನಿಸಿದರೆ ‘ಯವಾಶ್’ ಎನ್ನಬೇಕು, ನಿಧಾನ ಎಂದರ್ಥ. ಸ್ವಲ್ಪ ಹೊತ್ತಿಗೆ ತೋಳಿನ ಮೇಲೆ ಬೂದುಬಣ್ಣದ ಎಳೆಗಳು ಸುರುಳಿಯಾಗಿ ಎದ್ದವು. ಸತ್ತ ಚರ್ಮ. ದಿನವೂ ಎರಡು ಹೊತ್ತು ಸ್ನಾನ ಮಾಡುವ ಮನೆತನದಿಂದ ಬಂದವಳು ನಾನು. ಆ ಎಳೆಗಳನ್ನು ಕಂಡು ಮುಖ ಬಿಸಿಯಾಯಿತು. ನಾತಿರ್ ಮಾತ್ರ ಅವನ್ನು ನನಗೆ ತೋರಿಸಿ, ಒಳ್ಳೆಯ ಬೆಳೆ ಕಂಡ ರೈತಳಂತೆ ತೃಪ್ತಿಯಿಂದ ತಲೆಯಾಡಿಸಿ ‘ತಮಾಮ್’ ಎಂದಳು. ಎಲ್ಲರ ಮೈಯಲ್ಲೂ ಅದು ಬರುತ್ತದೆ. ಬಂದರೇ ಕೆಲಸ ಸರಿಯಾಯಿತೆಂದು ಅರ್ಥ.

ಆ ಹೊತ್ತಿಗೆ ನನಗೆ ಅಜ್ಜಿ ನೆನಪಾದಳು. ದೀಪಾವಳಿಯ ನರಕಚತುರ್ದಶಿಯ ಬೆಳಗಿನ ಜಾವ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಎಣ್ಣೆ ತಿಕ್ಕಿ, ದಾಸವಾಳದ ಸೊಪ್ಪಿನ ಗೊಂಪು ಹಚ್ಚಿ, ಹಂಡೆಯ ನೀರನ್ನು ತಂಬಿಗೆ ತಂಬಿಗೆಯಾಗಿ ಎರೆಯುತ್ತಿದ್ದಳು. ಅವಳೂ ಹೀಗೆಯೇ ಕೇಳದೆ ತಿರುಗಿಸುತ್ತಿದ್ದಳು, ಕೇಳದೆ ತಲೆ ಬಗ್ಗಿಸುತ್ತಿದ್ದಳು. ಹನ್ನೊಂದನೆಯ ವಯಸ್ಸಿಗೋ ಏನೋ ನಾನೇ ಮೀಯುತ್ತೇನೆಂದು ಬಚ್ಚಲ ಬಾಗಿಲು ಹಾಕಿಕೊಂಡೆ. ಬಾಣಂತನದಲ್ಲಿ ಒಮ್ಮೆ ಮತ್ತೆ ಅಮ್ಮನ ಕೈಗೆ ಮೈ ಒಪ್ಪಿಸಿದ್ದೆ, ಅಷ್ಟೇ. ಆಗ ಮಗುವಿನ ಚಿಂತೆ, ನಿದ್ದೆಗೇಡು, ನೋವು. ಮೀಯಿಸಿಕೊಂಡದ್ದು ಮನಸ್ಸಿಗೆ ಇಳಿದಿರಲಿಲ್ಲ. ಆ ಬಾಣಂತನದ ನಂತರ ಇಪ್ಪತ್ತಮೂರು ವರ್ಷಗಳು ಕಳೆದ ಮೇಲೆ, ನನ್ನ ಹೆಸರೂ ಗೊತ್ತಿಲ್ಲದ ಒಬ್ಬ ಹೆಂಗಸು ನನ್ನ ಕಾಲ್ಬೆರಳಿನ ಸಂದುಗಳನ್ನು ತೊಳೆದಳು. ಕಣ್ಣಲ್ಲಿ ನೀರು ಬಂತು, ಆ ಹಬೆಯಲ್ಲಿ ಅದು ಯಾರಿಗೂ ಕಾಣುವಂತಿರಲಿಲ್ಲ.

ಕೆಸೆಯ ನಂತರ ನೊರೆ. ಬಟ್ಟೆಯ ಉದ್ದ ಚೀಲವೊಂದನ್ನು ಸಾಬೂನಿನ ನೀರಿನಲ್ಲಿ ಅದ್ದಿ, ಗಾಳಿಯಲ್ಲಿ ಬೀಸಿ ಉಬ್ಬಿಸಿ, ಬಾಯಿ ಮುಚ್ಚಿ ಮೇಲಿನಿಂದ ಕೆಳಕ್ಕೆ ಹಿಂಡುತ್ತಾಳೆ. ಕುತ್ತಿಗೆಯಿಂದ ಹಿಮ್ಮಡಿಯವರೆಗೆ ನೊರೆಯ ಕಂಬಳಿ. ತೂಕವೇ ಇಲ್ಲದ, ಬೆಚ್ಚನೆಯ ಕಂಬಳಿ. ಅಂಟುವಾಳಕಾಯಿಯ ನೊರೆಯಲ್ಲಿ ಆಡಿದ ಮಕ್ಕಳಿಗೂ ಅಷ್ಟು ನೊರೆ ಕನಸಿನಲ್ಲಿ ಬಂದಿರಲಾರದು. ಅದರೊಳಗೆ ಅವಳ ಕೈಗಳು ಹೆಗಲನ್ನೂ ಮೀನಖಂಡವನ್ನೂ ನಾದುತ್ತವೆ. ಗಂಡಸರ ಕಡೆ ಈ ನಾದುವಿಕೆ ಇನ್ನಷ್ಟು ಬಿರುಸು ಎಂದು ಯಜಮಾನರು ಹೇಳಿದರು. ಅವರ ಬೆನ್ನಿನ ಕೀಲುಗಳೆಲ್ಲ ಲಟಲಟನೆ ಸದ್ದು ಮಾಡಿದವಂತೆ. ನೊರೆ ಬಿದ್ದ ಕಲ್ಲು ಬಹಳ ಜಾರುತ್ತದೆ. ಹಿಂದಿನವರು ಮುತ್ತಿನ ಚಿಪ್ಪು ಕೂರಿಸಿದ ಎತ್ತರದ ಮರದ ಹಾವುಗೆಗಳನ್ನು ಮೆಟ್ಟುತ್ತಿದ್ದರು, ಈಗ ಪ್ಲಾಸ್ಟಿಕ್ ಚಪ್ಪಲಿ ಕೊಡುತ್ತಾರೆ. ಯಾವುದಾದರೂ ಆಗಲಿ, ನಾತಿರ್ ಕೈ ಚಾಚಿದಾಗ ಬೇಡವೆನ್ನದೆ ಹಿಡಿದುಕೊಂಡೇ ಏಳಬೇಕು.

ತಲೆ ತೊಳೆಯುವುದು ಗೋಡೆಯ ಬದಿಯ ಕುರ್ನಾದ ಬಳಿ. ಪ್ರವಾಸಿಗಳಿಗೆ ಯಾರೂ ಹೇಳಿಕೊಡದ, ಆದರೆ ಹಮಾಮಿನ ಮರ್ಯಾದೆಯೆಲ್ಲ ಅಡಗಿರುವ ಜಾಗ ಅದು. ಕುರ್ನಾ ಎಂದರೆ ಒಂದೇ ಕಲ್ಲಿನಲ್ಲಿ ಕಡೆದ ಬೋಗುಣಿ. ಮೇಲೆ ಬಿಸಿನೀರಿಗೂ ತಣ್ಣೀರಿಗೂ ನಲ್ಲಿ, ಕೆಳಗೆ ತೂಬಿಲ್ಲ. ನೀರು ತುಂಬಿ ಅಂಚಿನಿಂದ ಉಕ್ಕಿ ನೆಲಕ್ಕೆ ಹರಿಯುತ್ತಿರಬೇಕು. ಅದರಿಂದ ತಾಸ್ ಎಂಬ ಲೋಹದ ಬಟ್ಟಲಿನಲ್ಲಿ ಮೊಗೆದು ಮೈಮೇಲೆ ಹೊಯ್ದುಕೊಳ್ಳಬೇಕು. ಬೋಗುಣಿಯೊಳಗೆ ಕೈ ಅದ್ದಬಾರದು, ಕಾಲನ್ನಂತೂ ಇಡಲೇಬಾರದು, ಸಾಬೂನಿನ ಒಂದು ತೊಟ್ಟೂ ಬೀಳಬಾರದು, ಮೈಯಿಂದ ಹರಿದ ನೀರು ಪಕ್ಕದವರ ಕುರ್ನಾಕ್ಕೆ ಸಿಡಿಯಬಾರದು. ಇದನ್ನು ನಾನು ಕಲಿತದ್ದು ಎರಡನೆಯ ಸಲ ಹೋದಾಗ, ಇಸ್ತಾಂಬುಲಿನ ಏಷ್ಯಾ ದಡದ ಒಂದು ಚಿಕ್ಕ ಬಡಾವಣೆಯ ಹಮಾಮಿನಲ್ಲಿ. ಅಲ್ಲಿ ದರ ಕಡಿಮೆ, ಪ್ರವಾಸಿಗಳಿರಲಿಲ್ಲ, ಅಕ್ಕಪಕ್ಕದ ಮನೆಯ ಹೆಂಗಸರೇ ಕಿತ್ತಳೆ ಹಣ್ಣು ಸುಲಿಯುತ್ತಾ ಮಾತಾಡುತ್ತಾ ಕುಳಿತಿದ್ದರು. ಸಾಬೂನಿನ ಕೈಯನ್ನು ಬೋಗುಣಿಗೆ ಇಳಿಸಹೊರಟ ನನ್ನ ಮಣಿಕಟ್ಟನ್ನು ಪಕ್ಕದ ಮುದುಕಿಯೊಬ್ಬಳು ಗಪ್ಪನೆ ಹಿಡಿದಳು. ಬೈಯಲಿಲ್ಲ. ತನ್ನ ತಾಸಿನಿಂದ ನೀರು ಮೊಗೆದು ನನ್ನ ಕೈಮೇಲೆ ಹೊಯ್ದು, ನೊರೆ ಹೋದ ಮೇಲೆ ಕೈ ಬಿಟ್ಟಳು. ಸೋಪಿನ ಕೈಯನ್ನು ಹಂಡೆಗೆ ಹಾಕಬೇಡ ಎಂದು ಅಜ್ಜಿ ಎಷ್ಟು ಸಲ ಹೇಳಿದ್ದಳೋ! ಅಷ್ಟು ದೂರ ಹೋಗಿ ಅದೇ ತಪ್ಪನ್ನು ಮಾಡಿದೆನಲ್ಲ ಎಂದು ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಆ ಚಿಕ್ಕ ಹಮಾಮಿನಲ್ಲಿ ಕಂಡದ್ದರಿಂದಲೇ ಹಳೆಯ ಕಾಲದ ಹೆಂಗಸರಿಗೆ ಇದು ಏನಾಗಿತ್ತೆಂಬುದು ಮನಸ್ಸಿಗೆ ಬಂದದ್ದು. ಮನೆಮನೆಗೆ ಬಚ್ಚಲು ಬರುವ ಮೊದಲು, ಹೆಂಗಸರು ಹೊರಗೆ ಹೋಗಿ ನಾಲ್ಕು ಜನರೊಡನೆ ದಿನವಿಡೀ ಕಳೆಯಲು ಇದ್ದ ಮರ್ಯಾದೆಯ ಜಾಗ ಇದೇ. ಗಂಟಿನಲ್ಲಿ ಬಟ್ಟೆ, ತಾಸ್, ಬಾಚಣಿಗೆ ಕಟ್ಟಿಕೊಂಡು, ಬುತ್ತಿ ಹೊತ್ತು, ಮಕ್ಕಳನ್ನು ಕರೆದುಕೊಂಡು ಹೋಗುತ್ತಿದ್ದರು. ಮದುವೆಗೆ ಮುನ್ನ ಮದುಮಗಳನ್ನು ಹಾಡುತ್ತಾ ಮೀಯಿಸುವ ಶಾಸ್ತ್ರವಿತ್ತು. ಹೆರಿಗೆಯಾದ ನಲವತ್ತನೆಯ ದಿನ ತಾಯಿಯನ್ನೂ ಮಗುವನ್ನೂ ಹಮಾಮಿಗೆ ಕರೆತರುತ್ತಿದ್ದರು. ಗಂಡುಮಕ್ಕಳ ತಾಯಂದಿರು ಸೊಸೆಯನ್ನು ನೋಡಿ ಒಪ್ಪುತ್ತಿದ್ದದ್ದೂ ಇಲ್ಲಿಯೇ. ಆ ನೋಟದ ಕೆಳಗೆ ಕುಳಿತ ಹುಡುಗಿಯರ ಪಾಡನ್ನು ನೆನೆದರೆ ನನಗೆ ಸಂಕಟವಾಗುತ್ತದೆ, ಅದನ್ನು ಸುಂದರ ಸಂಪ್ರದಾಯವೆಂದು ಬಣ್ಣಿಸಲು ನನ್ನಿಂದಾಗದು. ಈಗ ನಲ್ಲಿ ನೀರು, ಗೀಸರು ಎಲ್ಲ ಮನೆಗಳಿಗೂ ಬಂದು ಬಡಾವಣೆಯ ಹಮಾಮುಗಳು ಒಂದೊಂದಾಗಿ ಮುಚ್ಚುತ್ತಿವೆ.

ಎಲ್ಲ ಕಡೆಯೂ ಹಮಾಮ್ ಎಂಬ ಫಲಕ ಕಂಡಲ್ಲಿ ಹೋಗಬಾರದೆಂಬುದನ್ನೂ ಹೇಳಬೇಕು. ದಕ್ಷಿಣದ ಕಡಲತೀರದ ಒಂದು ಹೋಟೆಲಿನಲ್ಲಿ ಹಮಾಮ್ ಎಂದು ಕರೆದದ್ದು ಹೆಂಚಿನ ಗೋಡೆಯ ಚಿಕ್ಕ ಹಬೆಕೋಣೆ; ಗಂಡಸರು ಹೆಂಗಸರು ಒಟ್ಟಿಗೆ. ನನ್ನನ್ನು ಏನೂ ಕೇಳದೆ ಗಂಡಸೊಬ್ಬನನ್ನು ಮೈ ಉಜ್ಜಲು ಕಳುಹಿಸಿದರು. ನಾನು ಎದ್ದು ಬಂದೆ. ಕೊಟ್ಟ ಹಣ ಮರಳಲಿಲ್ಲ. ಬುಕ್ ಮಾಡುವ ಮೊದಲೇ ಎರಡು ಪ್ರಶ್ನೆಗಳನ್ನು ಕೇಳಬೇಕು: ಹೆಂಗಸರಿಗೆ ಬೇರೆ ಜಾಗವಿದೆಯೇ, ಮೀಯಿಸುವವರು ಹೆಂಗಸರೇ? ದರದ ಪಟ್ಟಿಯಲ್ಲಿ ನಾವೇ ಮೀಯುವುದು, ಕೆಸೆ ಮತ್ತು ನೊರೆ, ಎಣ್ಣೆಯ ಮಾಲೀಸು ಎಂದು ಬೇರೆ ಬೇರೆ ಬರೆದಿರುತ್ತಾರೆ. ಮೊದಲ ಸಲಕ್ಕೆ ಕೆಸೆ ಮತ್ತು ನೊರೆ ಸಾಕು, ಎಣ್ಣೆ ಹಚ್ಚುವುದರಲ್ಲಿ ನಮಗೆ ಹೊಸದೇನಿಲ್ಲ. ಮುಗಿದ ಮೇಲೆ ನಾತಿರ್‌ಗೆ ಬಹ್‌ಶಿಶ್ ಕೊಡಬೇಕು. ನಮ್ಮ ಬಕ್ಷೀಸೇ ಅದು. ದರದ ಹತ್ತರಿಂದ ಇಪ್ಪತ್ತು ಶೇಕಡದಷ್ಟನ್ನು ಅವಳ ಕೈಗೇ ಕೊಡುವುದು ರೂಢಿ. ದಿನವಿಡೀ ಆ ಸೆಕೆಯಲ್ಲಿ ನಿಂತು ಇನ್ನೊಬ್ಬರ ಮೈ ತೊಳೆಯುವ ಕೆಲಸ ಎಂಥದೆಂದು ನೋಡಿದವರು ಅದರಲ್ಲಿ ಚೌಕಾಸಿ ಮಾಡಲಾರರು.

ಕೊನೆಗೆ ಒಣ ವಸ್ತ್ರಗಳಲ್ಲಿ ಸುತ್ತಿ, ತಲೆಗೂ ಒಂದು ಕಟ್ಟಿ, ಜಾಮೆಕಾನಿಗೆ ಕಳುಹಿಸುತ್ತಾರೆ. ಅಲ್ಲಿ ಅವಸರ ಮಾಡದೆ ಅರ್ಧ ಗಂಟೆಯಾದರೂ ಒರಗಬೇಕು, ಚಹಾ ಅಥವಾ ಉಪ್ಪು ಹಾಕಿದ ಆಯ್ರಾನ್ ಎಂಬ ಮಜ್ಜಿಗೆ ಕುಡಿಯಬೇಕು. ಬೆವರಿದ ಮೈಗೆ ನನಗಂತೂ ಮಜ್ಜಿಗೆಯೇ ಹಿತವೆನಿಸಿತು. ಎದುರಿಗೆ ಹಾದುಹೋದ ಹೆಂಗಸರು ನನ್ನ ಒದ್ದೆ ತಲೆಯನ್ನು ಕಂಡು ‘ಸಿಹ್ಹತ್ಲೆರ್ ಒಲ್ಸುನ್’ ಎಂದರು. ಮಿಂದು ಬಂದವರಿಗೆ ಆರೋಗ್ಯವಾಗಲಿ ಎಂದು ಹಾರೈಸುವ ಮಾತು. ಮಿಂದದ್ದಕ್ಕೇ ಒಂದು ಹಾರೈಕೆ ಇರುವ ಭಾಷೆಯ ಮೇಲೆ ನನಗೆ ಅಂದಿನಿಂದ ಪ್ರೀತಿ.

ಮರುವರ್ಷ ಬೀದರಿಗೆ ಹೋಗಿದ್ದೆ. ಕೋಟೆಯೊಳಗಿನ ವಸ್ತುಸಂಗ್ರಹಾಲಯವಿರುವ ಕಟ್ಟಡ ಹಿಂದೆ ಅರಮನೆಯ ಹಮಾಮಾಗಿತ್ತು. ಹಳೆಯ ಆಯುಧಗಳನ್ನೂ ಶಿಲ್ಪಗಳನ್ನೂ ಇಟ್ಟಿರುವ ಆ ಕೋಣೆಗಳಲ್ಲಿ ನಿಂತು ತಲೆಯೆತ್ತಿ ಗುಮ್ಮಟವನ್ನು ನೋಡಿದಾಗ, ಅಲ್ಲಿ ಬಟ್ಟಲಿನ ಸದ್ದು ಹೇಗೆ ಮರಳಿ ಇಳಿಯುತ್ತಿತ್ತೆಂಬುದು ನನಗೆ ಕೇಳಿಸಿದಂತಾಯಿತು. ಇಸ್ತಾಂಬುಲಿಗೆ ಹೋಗುವ ಮೊದಲು ಅದೇ ಕಟ್ಟಡವನ್ನು ಒಮ್ಮೆ ನೋಡಿ ಬಂದಿದ್ದೆ, ಆಗ ಏನೂ ಕೇಳಿಸಿರಲಿಲ್ಲ.

ಹೊರಡುವ ದಿನ ಕೊಂಡು ತಂದ ಕೆಸೆಯೊಂದು ಈಗ ತೀರ್ಥಹಳ್ಳಿಯ ಮನೆಯ ಬಚ್ಚಲಿನ ಗೂಟದಲ್ಲಿದೆ. ಅಮ್ಮನಿಗೆ ಎಂಬತ್ತೆರಡು ತುಂಬಿತು. ಕಳೆದ ಮಳೆಗಾಲದಲ್ಲಿ ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಅವಳನ್ನು ನಾನೇ ಮೀಯಿಸುತ್ತೇನೆ. ಮೊದಲ ವಾರವೆಲ್ಲ ಅವಳು ನನ್ನ ಕೈಯಿಂದ ತಂಬಿಗೆ ಕಿತ್ತುಕೊಳ್ಳುತ್ತಿದ್ದಳು, ಸೀರೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದಳು, ನನಗೆ ಇದೆಲ್ಲ ಯಾಕೆ ಮಾಡಿಸುತ್ತಿದ್ದೀಯೆಂದು ದೇವರನ್ನು ಕೇಳುತ್ತಿದ್ದಳು. ನಾನು ‘ಕೈ ಎತ್ತಮ್ಮ, ತಿರುಗಮ್ಮ’ ಎಂದು ಹೇಳಿದಷ್ಟೂ ಅವಳ ಮೈ ಬಿಗಿಯುತ್ತಿತ್ತು. ಒಂದು ದಿನ ನಾನು ಮಾತು ಬಿಟ್ಟೆ. ಅವಳ ಅಂಗೈಯನ್ನು ನನ್ನ ಅಂಗೈಯಲ್ಲಿಟ್ಟುಕೊಂಡು, ತೋಳು ಭಾರವಾಗುವವರೆಗೆ ಕಾದೆ. ಆಮೇಲೆ ಕೆಸೆ ತೊಟ್ಟು ಮೆಲ್ಲಗೆ ಉಜ್ಜಿ, ಭುಜವನ್ನು ಒಮ್ಮೆ ತಟ್ಟಿದೆ. ಅಮ್ಮ ಏನೂ ಕೇಳದೆ ಬೆನ್ನು ತಿರುಗಿಸಿ ಕುಳಿತಳು.